ಅಂಗಡಿ ಬಾಗಿಲಿಗೇ ಬರುವ ರಫ್ತು

ಮೈಸೂರಿನ ವ್ಯಾಪಾರಿಯೊಬ್ಬರು ಜರ್ಮನಿಗೆ ಅಗರಬತ್ತಿ ಕಳುಹಿಸಬೇಕಾದರೆ ಆಮದು-ರಫ್ತು ಕೋಡ್ ಪಡೆಯಬೇಕು, ಶಿಪ್ಪಿಂಗ್ ಬಿಲ್ ಸಲ್ಲಿಸಬೇಕು, ಹಣ ಬಂದುದಕ್ಕೆ ಬ್ಯಾಂಕಿನ ದಾಖಲೆ ಇರಿಸಬೇಕು. ಅದೇ ಅಗರಬತ್ತಿಯನ್ನು ದೇವರಾಜ ಮಾರುಕಟ್ಟೆಯಲ್ಲಿ ಜರ್ಮನ್ ಪ್ರವಾಸಿಯೊಬ್ಬರು ಕೊಂಡೊಯ್ದರೆ ಇದಾವುದೂ ಬೇಕಿಲ್ಲ. ಆದರೂ ದೇಶದ ಪಾವತಿ ಶಿಲ್ಕಿನ ಲೆಕ್ಕದಲ್ಲಿ ಆ ಹಣ 'ಪ್ರವಾಸ' ಎಂಬ ಶೀರ್ಷಿಕೆಯಡಿ ಸೇವಾ ರಫ್ತಿನ ಗಳಿಕೆಯಾಗಿಯೇ ದಾಖಲಾಗುತ್ತದೆ. ಮಾರಿದ ವ್ಯಾಪಾರಿ ಮಾತ್ರ ತನ್ನನ್ನು ರಫ್ತುದಾರನೆಂದು ಎಂದೂ ಭಾವಿಸಿರುವುದಿಲ್ಲ.

1995ರಲ್ಲಿ ಜಾರಿಗೆ ಬಂದ ಸೇವಾ ವ್ಯಾಪಾರದ ಸಾಮಾನ್ಯ ಒಪ್ಪಂದವು ಸೇವೆಗಳು ಗಡಿ ದಾಟುವ ನಾಲ್ಕು ವಿಧಾನಗಳನ್ನು ಗುರುತಿಸಿದೆ. ಗ್ರಾಹಕನೇ ಪರದೇಶಕ್ಕೆ ಹೋಗಿ ಸೇವೆಯನ್ನು ಬಳಸುವುದು ಅವುಗಳಲ್ಲಿ ಎರಡನೆಯದು. ಪ್ರವಾಸೋದ್ಯಮದ ಬಹುಭಾಗ ಇದರಲ್ಲೇ ಸೇರುತ್ತದೆ. ಬಿಸಿ ಇಡ್ಲಿಯನ್ನಾಗಲಿ ಟಾಂಗಾ ಸವಾರಿಯನ್ನಾಗಲಿ ಹಡಗಿಗೆ ಹೇರಲಾಗದು. ಕೊಳ್ಳುವವನೇ ಬಂದಾಗ ಅವೂ ಅಂತರರಾಷ್ಟ್ರೀಯ ವ್ಯಾಪಾರದ ಸರಕಾಗುತ್ತವೆ, ಸಾಗಣೆ ವೆಚ್ಚವನ್ನೂ ಕೊಳ್ಳುವವನೇ ಭರಿಸುತ್ತಾನೆ.

1817ರಲ್ಲಿ ಡೇವಿಡ್ ರಿಕಾರ್ಡೊ ಇಂಗ್ಲೆಂಡಿನ ಬಟ್ಟೆ ಹಾಗೂ ಪೋರ್ಚುಗಲ್ಲಿನ ದ್ರಾಕ್ಷಾರಸದ ಉದಾಹರಣೆಯಿಂದ ತುಲನಾತ್ಮಕ ಅನುಕೂಲದ ತತ್ತ್ವವನ್ನು ವಿವರಿಸಿದರು. ಮುಂದೆ ಸ್ವೀಡನ್ನಿನ ಹೆಕ್ಷರ್ ಮತ್ತು ಓಲಿನ್, ಯಾವ ಉತ್ಪಾದನಾಂಗ ಹೇರಳವಾಗಿದೆಯೋ ಅದನ್ನು ಹೆಚ್ಚಾಗಿ ಬಳಸುವ ಸರಕನ್ನೇ ದೇಶವೊಂದು ರಫ್ತು ಮಾಡುತ್ತದೆ ಎಂದರು. ಈ ವಾದದಂತೆ ಕರ್ನಾಟಕಕ್ಕೆ ಕೊರತೆಯೇ ಇರಬಾರದು. 1986ರಲ್ಲಿ ಹಂಪಿ, 1987ರಲ್ಲಿ ಪಟ್ಟದಕಲ್ಲು, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಆದರೆ ಹಂಪಿಯಂತಹ ಒಂದು ಕಲ್ಲೂ ಇಲ್ಲದ ಸಿಂಗಪುರ ಪ್ರವಾಸಿಗರನ್ನು ಸೆಳೆಯುತ್ತಿರುವುದನ್ನು ಈ ಸಿದ್ಧಾಂತ ಪೂರ್ತಿಯಾಗಿ ವಿವರಿಸಲಾರದು. 1961ರಲ್ಲಿ ಸ್ಟಾಫನ್ ಲಿಂಡರ್ ಬೇಡಿಕೆಯ ಕಡೆಯಿಂದ ನೋಡಿದರು: ಸ್ವದೇಶದ ಗ್ರಾಹಕರ ಅಭಿರುಚಿಗಾಗಿ ಬೆಳೆದ ಉದ್ಯಮವೇ ಅಂತಹುದೇ ಅಭಿರುಚಿಯ ಪರದೇಶಿಗಳಿಗೂ ಮಾರಬಲ್ಲುದು. ದೇಶೀ ಪ್ರವಾಸಿಗೆ ಶುಚಿಯಾದ ಶೌಚಾಲಯ ಒದಗಿಸದ ಊರು ವಿದೇಶಿಗನಿಗೆ ಮಾತ್ರ ಒದಗಿಸೀತೆಂಬುದು ದುರಾಸೆ.

ವಾಣಿಜ್ಯ ಸಂಸ್ಥೆಗಳಲ್ಲಿ ಈ ವಿಷಯ ಬಂದಾಗಲೆಲ್ಲ ಚರ್ಚೆ ತೆರಿಗೆಯತ್ತ ತಿರುಗುತ್ತದೆ. ವಿದೇಶಿಗ ತಂಗುವ ಕೊಠಡಿಯ ಬಾಡಿಗೆ ಜಿಎಸ್‌ಟಿ ಕಾನೂನಿನಡಿ ರಫ್ತಲ್ಲ, ಏಕೆಂದರೆ ಕಟ್ಟಡವಿರುವ ಸ್ಥಳವೇ ಸೇವೆಯ ಸ್ಥಳ. ಇದರಲ್ಲಿ ನ್ಯಾಯವಿಲ್ಲದಿಲ್ಲ; ಆತ ಬಳಸುವ ನೀರೂ ರಸ್ತೆಯೂ ಇಲ್ಲಿಯವೇ. ಕೊಂಡು ಹೊರದೇಶಕ್ಕೆ ಒಯ್ಯುವ ಸರಕಿನ ಮಾತು ಬೇರೆ. ಅದರ ತೆರಿಗೆಯನ್ನು ಮರಳಿಸಲು 2017ರ ಸಮಗ್ರ ಜಿಎಸ್‌ಟಿ ಕಾಯ್ದೆಯ 15ನೇ ಕಲಮಿನಲ್ಲಿಯೇ ಅವಕಾಶ ಕಲ್ಪಿಸಿದ್ದರೂ ಅದಕ್ಕೆ ಬೇಕಾದ ವ್ಯವಸ್ಥೆ ವರ್ಷಗಟ್ಟಲೆ ಬರಲಿಲ್ಲ. ಥಾಯ್ಲೆಂಡ್ ಮತ್ತು ಸಿಂಗಪುರಗಳಲ್ಲಿ ಅಂತಹ ಮರುಪಾವತಿ ರೂಢಿಯಲ್ಲಿದೆ. ಆದರೆ ಐನೂರು ರೂಪಾಯಿಯ ಚನ್ನಪಟ್ಟಣದ ಗೊಂಬೆಯ ಮೇಲಿನ ಅಲ್ಪ ತೆರಿಗೆಗಾಗಿ ವಿಮಾನ ನಿಲ್ದಾಣದಲ್ಲಿ ಸಾಲು ನಿಲ್ಲುವವರಾರು? ರಾಜಿ ತೆರಿಗೆ ಪದ್ಧತಿಯಲ್ಲಿರುವ ಅಂಗಡಿಯಾದರೋ ಗ್ರಾಹಕರಿಂದ ತೆರಿಗೆ ವಸೂಲು ಮಾಡುವುದೇ ಇಲ್ಲ. ಅಲ್ಲಿ ಮರಳಿಸುವುದಕ್ಕೇನೂ ಇರದು. ಈ ಸೌಲಭ್ಯದ ಲಾಭ ಹೆಚ್ಚಾಗಿ ದೊಡ್ಡ ಮಳಿಗೆಗಳಿಗೇ.

ಸಣ್ಣ ಉದ್ಯಮಿಗೆ ಮುಖ್ಯವಾದುದು ಅರ್ಥಶಾಸ್ತ್ರಜ್ಞರು 'ಸೋರಿಕೆ' ಎನ್ನುವ ಸಂಗತಿ. ಪ್ರವಾಸಿ ತೆತ್ತ ಹಣದಲ್ಲಿ ಎಷ್ಟು ಊರಿನಲ್ಲಿ ಉಳಿಯಿತು, ಎಷ್ಟು ಹೊರಗೆ ಹರಿಯಿತು? ಮಾಲ್ಡೀವ್ಸ್ ತನ್ನ ಆಹಾರದ ಹೆಚ್ಚಿನ ಪಾಲನ್ನು ಆಮದು ಮಾಡಿಕೊಳ್ಳುವುದರಿಂದ ಅಲ್ಲಿನ ಗಳಿಕೆಯ ದೊಡ್ಡ ಭಾಗ ಹಡಗಿನಲ್ಲೇ ಹಿಂದಿರುಗುತ್ತದೆ. ಕರ್ನಾಟಕದ ಸ್ಥಿತಿ ಅಷ್ಟು ದಯನೀಯವಲ್ಲ. ಅಕ್ಕಿ, ತರಕಾರಿ, ಕಾಫಿ, ರೇಷ್ಮೆ ಎಲ್ಲವೂ ಇಲ್ಲೇ ಇವೆ. ಆದರೂ ಹೊಸಪೇಟೆಯ ಹೋಟೆಲೊಂದರ ಟವೆಲು, ಸಾಬೂನು, ಪೀಠೋಪಕರಣಗಳು ಎಲ್ಲಿಂದ ಬಂದವೆಂದು ವಿಚಾರಿಸುವ ಅಭ್ಯಾಸ ಸ್ಥಳೀಯ ತಯಾರಕರಲ್ಲಿ ಕಡಿಮೆ. ಇನ್ನೊಂದು ಎಚ್ಚರಿಕೆಯನ್ನು ಬ್ರಯನ್ ಕೋಪ್‌ಲೆಂಡ್ 1991ರಲ್ಲಿ ನೀಡಿದರು: ಪ್ರವಾಸೋದ್ಯಮ ಬೆಳೆದಂತೆ ಭೂಮಿ, ಕೂಲಿಗಳ ದರ ಏರಿ ಅದೇ ಊರಿನ ಕಾರ್ಖಾನೆಗಳು ಸೊರಗಬಹುದು. ಬಾಡಿಗೆ ಏರಿದ ಪೇಟೆಬೀದಿಯ ವರ್ತಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋಟೆಲಿಗೆ ಸರಕು ಒದಗಿಸುವ ತಯಾರಕನಿಗಾದರೆ ಈ ಏರಿಕೆಯನ್ನು ತಡೆದುಕೊಳ್ಳುವಷ್ಟು ಆದಾಯವಾದರೂ ಬರುತ್ತದೆ. ಒದಗಿಸದವನಿಗೆ ಏರಿದ ವೆಚ್ಚವಷ್ಟೇ ಪಾಲು.

ಅಪಾಯವೂ ಇಲ್ಲದಿಲ್ಲ. 2019ರಲ್ಲಿ ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗರು ಸುಮಾರು 1.09 ಕೋಟಿ, 2020ರಲ್ಲಿ ಆ ಸಂಖ್ಯೆ 27 ಲಕ್ಷದಷ್ಟಕ್ಕೆ ಕುಸಿಯಿತು. ಈ ರಾತ್ರಿ ಖಾಲಿ ಉಳಿದ ಕೊಠಡಿಯನ್ನು ಗೋದಾಮಿನಲ್ಲಿಟ್ಟು ನಾಳೆ ಮಾರಲಾಗದು. ಆದ್ದರಿಂದ ಹೋಟೆಲನ್ನೇ ಏಕೈಕ ಗಿರಾಕಿಯಾಗಿಸಿಕೊಳ್ಳುವುದು ವಿವೇಕವಲ್ಲ.

ಹೋಟೆಲುಗಳು ಸ್ಥಳೀಯರಿಂದ ಕೊಳ್ಳದಿರಲು ನೀಡುವ ಕಾರಣ ಒಂದೇ ಗುಣಮಟ್ಟದ ಇನ್ನೂರು ಟವೆಲುಗಳು ಸಕಾಲಕ್ಕೆ ದೊರೆಯುವುದಿಲ್ಲವೆಂಬುದು. ತಯಾರಕರ ದೂರು ಹಣ ತಡವಾಗುತ್ತದೆಂಬುದು. ಮೊದಲನೆಯದಕ್ಕೆ ಕೆಲವು ಘಟಕಗಳು ಕೂಡಿ ಒಂದೇ ಅಳತೆಯಲ್ಲಿ ತಯಾರಿಸುವುದು ಮದ್ದು. ಜಿಲ್ಲಾ ವಾಣಿಜ್ಯ ಸಂಸ್ಥೆ ಮುಂದಾದರೆ ಆಗದ ಕೆಲಸವಲ್ಲ. ಎರಡನೆಯದಕ್ಕೆ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಗರಿಷ್ಠ 45 ದಿನಗಳ ಮಿತಿ ಇದೆ. ಆದರೆ ಅದರ ರಕ್ಷೆ ನೋಂದಾಯಿತ ಅತಿಸಣ್ಣ ಮತ್ತು ಸಣ್ಣ ತಯಾರಕರಿಗೆ ಹಾಗೂ ಸೇವಾ ಘಟಕಗಳಿಗೆ ಉಂಟು, ಕೊಂಡು ಮಾರುವ ವರ್ತಕರಿಗಿಲ್ಲ. ಹೋಟೆಲಿಗೆ ನೇರವಾಗಿ ಬಿಲ್ಲು ಬರೆಯುವವರು ತಯಾರಕರೋ ಮಧ್ಯವರ್ತಿಯೋ ಎಂಬುದನ್ನು ಒಪ್ಪಂದಕ್ಕೆ ಮುನ್ನವೇ ತೀರ್ಮಾನಿಸಿಕೊಳ್ಳಬೇಕಾದುದು ಇದೇ ಕಾರಣಕ್ಕೆ.