ಊರು ಹಾಳಾದದ್ದು ಯಾವಾಗ?

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಂಟಿ ಚರ್ಚೊಂದು ಮುರಿದು ನಿಂತಿದ್ದು, ಸುತ್ತಲಿನ ಹುಲ್ಲಿನಡಿ ಹಳೆಯ ತಳಪಾಯಗಳ ಉಬ್ಬುತಗ್ಗು ಕಂಡರೆ, ಕಾರಣ ಸಿದ್ಧವಿರುತ್ತದೆ: ಪ್ಲೇಗಿಗೆ ಊರಿಗೆ ಊರೇ ಹೋಯಿತು. ನಮ್ಮ ಬೇಚರಾಕ್ ಗ್ರಾಮಗಳ ಬಗೆಗೂ ಈ ಮಾತು ಕೇಳಿಬರುವುದುಂಟು. ಅದು ಸುಳ್ಳೆಂದು ನಾನು ಹೇಳಲಾರೆ. ಇಷ್ಟು ಸಲೀಸಾಗಿ ಒಪ್ಪಿಕೊಳ್ಳಲು ಮಾತ್ರ ಹಿಂಜರಿಯುತ್ತೇನೆ.

ಸಾವಿನ ಲೆಕ್ಕದಲ್ಲಿ ತಕರಾರಿಲ್ಲ. 1348ರ ಬೇಸಿಗೆಯಲ್ಲಿ ದಕ್ಷಿಣದ ಬಂದರಿಗೆ ಬಂದಿಳಿದ ರೋಗ ಮರುವರ್ಷ ಯಾರ್ಕ್‌ಷೈರ್ ಮುಟ್ಟಿತು. ಎಷ್ಟೋ ಹಳ್ಳಿಗಳಲ್ಲಿ ಒಕ್ಕಲುಗಳ ಅರ್ಧದಷ್ಟು ಮಂದಿ ಸತ್ತರು. ಆದರೆ ಇನ್ನರ್ಧ ಉಳಿದರಲ್ಲ, ಅವರೇನಾದರು? ಒಡೆಯರ ನ್ಯಾಯಸಭೆಗಳ ಕಡತಗಳು ಇದನ್ನು ನಿರ್ಲಿಪ್ತವಾಗಿ ಬರೆದಿಟ್ಟಿವೆ: ಇಂಥವನು ಸತ್ತ, ಅವನ ಒಳ್ಳೆಯ ದನ ಒಡೆಯನಿಗೆ ಸಂದಿತು, ಹೊಲ ಮಗನಿಗೆ, ಮಗನಿಲ್ಲದಿದ್ದರೆ ನೆಂಟನಿಗೆ, ಅವನೂ ಇಲ್ಲದಿದ್ದರೆ ನಿನ್ನೆಯವರೆಗೆ ಗೇಣು ನೆಲವಿಲ್ಲದಿದ್ದವನಿಗೆ. (ಅಷ್ಟು ಸಾವಿನ ನಡುವೆಯೂ ದನದ ವಸೂಲಿ ನಿಂತಿರಲಿಲ್ಲ.)

ಯಾರ್ಕ್‌ಷೈರಿನ ವಾರಂ ಪರ್ಸಿಯನ್ನೇ ನೋಡಿ. ಪ್ಲೇಗಿಗೆ ಬಲಿಯಾದ ಊರೆಂದರೆ ಹೀಗಿರಬೇಕು ಅನ್ನಿಸುವಂಥ ಜಾಗ. 1950ರಿಂದ ನಾಲ್ಕು ದಶಕ ಅಗೆದವರಿಗೆ ತಿಳಿದದ್ದು ಬೇರೆ. ಪ್ಲೇಗಿನ ನಂತರವೂ ಅಲ್ಲಿ ಒಲೆ ಉರಿಯುತ್ತಿತ್ತು. ಕೊನೆಯ ಒಕ್ಕಲುಗಳನ್ನು ಎಬ್ಬಿಸಿದ್ದು 1500ರ ಸುಮಾರಿಗೆ, ಕುರಿ ಮೇಯಿಸುವುದಕ್ಕಾಗಿ.

ಹಾಗಾದರೆ ಪ್ಲೇಗು ನಿರಪರಾಧಿಯೇ ಎಂದು ನೀವು ಕೇಳಬಹುದು. ಅಲ್ಲ. ಆಳುಗಳು ಕಡಿಮೆಯಾಗಿ ಕೂಲಿ ಏರಿತು; ಅದನ್ನು ಹಳೆಯ ದರಕ್ಕೇ ಕಟ್ಟಿಹಾಕಲು 1351ರಲ್ಲಿ ಶಾಸನವನ್ನೇ ತರಬೇಕಾಯಿತು. ಬಡ ಮಣ್ಣು ಬಿಟ್ಟು ಒಳ್ಳೆಯ ನೆಲದತ್ತ ಜನ ಸರಿದರು. ಉಳುಮೆಗೆ ಹತ್ತಾರು ಕೈ ಬೇಕು, ಕುರಿಗೆ ಒಬ್ಬ ಕುರುಬ ಸಾಕು. ಈ ಲೆಕ್ಕಾಚಾರಕ್ಕೆ ದಾರಿ ಮಾಡಿದ್ದು ರೋಗವೇ. ಆದರೂ ಲೆಕ್ಕ ಹಾಕಿದ್ದು ಮನುಷ್ಯರು. ಆಕ್ಸ್‌ಫರ್ಡ್‌ಷೈರಿನ ಟಸ್ಮೋರ್‌ನಂಥ ಕೆಲವು ಊರುಗಳು ಪ್ಲೇಗಿನಿಂದಲೇ ನಿರ್ನಾಮವಾದವು, ಒಪ್ಪೋಣ. ಅಂಥವು ವಿರಳ.

ನಮ್ಮ ಅಜ್ಜಿಯರ ಕಾಲದ ನೆನಪನ್ನೂ ಇಲ್ಲಿ ತರಬಹುದೇನೋ, ಕಾಲ ದೇಶ ಬೇರೆಯೆಂಬ ಎಚ್ಚರದೊಂದಿಗೆ. ಇಲಿ ಬಿತ್ತೆಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಬೇನೆ ತಗ್ಗಿದ ಮೇಲೆ ಮನೆಗೆ ಸುಣ್ಣ ಬಳಿದು ವಾಪಸಾಗುತ್ತಿದ್ದರು. ಊರು ಬಿಟ್ಟದ್ದು ನಮಗೆ ಕಥೆಯಾಗಿ ಉಳಿಯಿತು. ವಾಪಸಾದದ್ದನ್ನು ಯಾರು ಕಥೆ ಮಾಡುತ್ತಾರೆ?

ಇನ್ನು ವಾರಂ ಪರ್ಸಿಯ ಆ ಮುರುಕು ಚರ್ಚು. ಅಲ್ಲಿ ಕೊನೆಯ ಪ್ರಾರ್ಥನೆ ನಡೆದದ್ದು 1949ರಲ್ಲಿ; ಗೋಪುರದ ಅರ್ಧ ಕುಸಿದದ್ದು 1959ರಲ್ಲಿ.