ಪಿಟ್ಠು ಚೀಲ: ಮೂರು ಮಾದರಿಗಳು ಮತ್ತು ನನ್ನ ಆಯ್ಕೆ

ಸೇನೆಯವರು ಕೈಬಿಟ್ಟ ಹಳೆಯ ಕ್ಯಾನ್‌ವಾಸ್ ಬೆನ್ನುಚೀಲಗಳಿಗೆ ಈಗ ಸಂಗ್ರಾಹಕರ ಪೇಟೆಯೊಂದು ಹುಟ್ಟಿಕೊಂಡಿದೆ. ಹಿತ್ತಾಳೆಯ ಬಕಲು, ಒಳಮುಚ್ಚಳದ ಮೇಲೆ ಮಾಸಿದ ಮುದ್ರೆ, ಇಸವಿಯ ನಾಲ್ಕು ಅಂಕಿ ಇಷ್ಟಿದ್ದರೆ ಸಾಕು, ನಮ್ಮ ಕಾಲದಲ್ಲಿ ಹಳೇ ಸಾಮಾನಿನವನಿಗೆ ಬೆಳ್ಳುಳ್ಳಿಯ ಬದಲಿಗೆ ಕೊಟ್ಟು ಕಳುಹಿಸುತ್ತಿದ್ದ ವಸ್ತುವಿಗೆ ಇಂದು ಸಾವಿರಗಳಲ್ಲಿ ಬೆಲೆ. ಇವುಗಳಲ್ಲಿ ಯಾವ ಮಾದರಿ ಮೇಲೆಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಕೇಳಿದ್ದುಂಟು. ಎಲ್ಲರಿಗೂ ಬೇರೆ ಬೇರೆಯಾಗಿ ಬರೆಯುವ ಬದಲು ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಅಪರೂಪವಾದದ್ದೇ ಉತ್ತಮವಾದದ್ದಲ್ಲ. ಮೂರರಲ್ಲಿ ಅತಿ ಚಿಕ್ಕದೂ ಅತಿ ಸಾಮಾನ್ಯವೂ ಆದ 1937ರ ಮಾದರಿಯ, ನಮ್ಮ ದೇಶದಲ್ಲಿಯೇ ಹೊಲಿದ ಚೀಲವೇ ನನ್ನ ಆಯ್ಕೆ.

ಮೊದಲು ವಂಶಾವಳಿ. ಬ್ರಿಟಿಷ್ ಸೇನೆಯು 1908ರಲ್ಲಿ ಚರ್ಮದ ಪಟ್ಟಿಗಳನ್ನು ಬಿಟ್ಟು ದಪ್ಪ ಹತ್ತಿಯ ನೇಯ್ಗೆಯ ಸರಂಜಾಮಿಗೆ ಬದಲಾಯಿಸಿಕೊಂಡಿತು. ಆಗ ಬಂದ ದೊಡ್ಡ ಚೀಲ ಸುಮಾರು 15 ಅಂಗುಲ ಎತ್ತರ, 13 ಅಂಗುಲ ಅಗಲ, 4 ಅಂಗುಲ ದಪ್ಪದ್ದು. ಸಿಪಾಯಿಯ ದೊಡ್ಡ ಕೋಟನ್ನು ಮಡಚಿ ತುಂಬುವುದೇ ಅದರ ಮುಖ್ಯ ಉದ್ದೇಶ. ಅನಂತರದ 1937ರ ಮಾದರಿಯಲ್ಲಿ ಆ ದೊಡ್ಡ ಚೀಲ ಹಾಗೆಯೇ ಉಳಿದುಕೊಂಡಿತಾದರೂ ಬಹುಮಟ್ಟಿಗೆ ಲಾರಿಯ ಸಾಮಾನಾಯಿತು. ಬೆನ್ನಿಗೇರಿದ್ದು 11 ಅಂಗುಲ, 9 ಅಂಗುಲ, 4 ಅಂಗುಲದ ಸಣ್ಣ ಚೀಲ. ಒಳಗೊಂದು ತಡಿಕೆ, ಒಂದು ಕಡೆ ಊಟದ ಡಬ್ಬಿ ಮತ್ತು ನೀರಿನ ಸೀಸೆ, ಇನ್ನೊಂದು ಕಡೆ ಟವೆಲು, ಹಾಸುವ ಬಟ್ಟೆ, ಚಮಚ ಇತ್ಯಾದಿ. ಎಲ್ ಆಕಾರದ ಎರಡು ಪಟ್ಟಿಗಳಿಂದ ಹೆಗಲಿಗೆ ಸಿಕ್ಕಿಸಿಕೊಳ್ಳುವುದು. ಎನ್.ಸಿ.ಸಿ.ಯಲ್ಲಿದ್ದವರಿಗೆ ನೆನಪಿರಬೇಕು, ಅದೇ ನಮ್ಮ ‘ಪಿಟ್ಠು’.

ಮೂರನೆಯದು 1944ರದ್ದು. ಬರ್ಮಾದ ಕಾಡುಗಳಲ್ಲಿ 1937ರ ಸರಂಜಾಮು ಮಳೆಯ ನೀರನ್ನು ಕುಡಿದು ಭಾರವಾಗುತ್ತಿತ್ತು, ಬೇಗ ಒಣಗುತ್ತಿರಲಿಲ್ಲ, ಕೊಳೆಯುತ್ತಿತ್ತು. ಅದರ ಪರಿಹಾರವೆಂದು ಹಗುರವಾದ, ಕೊಳೆಯದಂತೆ ಸಂಸ್ಕರಿಸಿದ, ನೇಯುವಾಗಲೇ ಹಸಿರು ಬಣ್ಣ ಪಡೆದ ಸರಂಜಾಮನ್ನು ರೂಪಿಸಿದರು. ಇದರ ಚೀಲ ಹಿಂದಿನದಕ್ಕಿಂತ ದೊಡ್ಡದು, ಹೆಗಲುಪಟ್ಟಿಗಳು ಚೀಲಕ್ಕೇ ಸೇರಿಕೊಂಡಿವೆ. ಯುದ್ಧ ಮುಗಿಯುವ ಹೊತ್ತಿಗೆ ಬಂದದ್ದರಿಂದ ನಮ್ಮ ಕಡೆ ಅಪರೂಪ. ಆದ್ದರಿಂದಲೇ ದುಬಾರಿ.

ಕೆಲಸದ ದೃಷ್ಟಿಯಿಂದ ನೋಡಿದರೆ 1944ರದ್ದೇ ಜಾಣತನದ ಚೀಲವೆಂಬುದನ್ನು ನಾನು ಒಪ್ಪುತ್ತೇನೆ. ಒಡೆಯರಪಾಳ್ಯದ ಟಿಬೆಟನ್ ವಸತಿಯಲ್ಲಿ, ಸೈನ್ಯದಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರ ಮನೆಯ ಗೂಟದಲ್ಲಿ ಅಂಥದೊಂದು ತೂಗುತ್ತಿದ್ದುದನ್ನು ಕಂಡಿದ್ದೇನೆ. (1962ರ ಚೀನಾ ಯುದ್ಧದ ಬೆನ್ನಿಗೇ ಟಿಬೆಟನ್ನರ ವಿಶೇಷ ಪಡೆಯೊಂದು ರಚನೆಯಾಯಿತು, ಅದು 1971ರಲ್ಲಿ ಚಿತ್ತಗಾಂಗಿನ ಬೆಟ್ಟಗಳಲ್ಲಿ ಹೋರಾಡಿತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಹನೂರಿನ ಪಕ್ಕದಲ್ಲಿಯೇ ಇರುವ ಇತಿಹಾಸವಿದು.) ಕಾಡಿನಲ್ಲಿ ಎರಡು ದಿನ ಬದುಕಬೇಕಾದವನಿಗೆ ಅದೇ ಸರಿ. ಆದರೆ ನಮ್ಮಲ್ಲಿ ಎಷ್ಟು ಮಂದಿ ಕಾಡಿನಲ್ಲಿ ಎರಡು ದಿನ ಬದುಕಬೇಕಾಗಿದೆ?

ಇನ್ನು ದೇಶೀ ಹೊಲಿಗೆಯ ವಿಷಯ. ಇಂಗ್ಲೆಂಡಿನ ಚೀಲದಲ್ಲಿ ಅಗಲವಾದ ಪಟ್ಟಿಗಳನ್ನು ಒಂದೇ ನೇಯ್ಗೆಯಲ್ಲಿ ತೆಗೆದಿರುತ್ತಾರೆ. ಯುದ್ಧಕಾಲದಲ್ಲಿ ಇಂಡಿಯಾದಲ್ಲಿ ತಯಾರಾದ ಸರಂಜಾಮಿನಲ್ಲಿ ಹಲವೆಡೆ ಕಿರಿದಾದ ಪಟ್ಟಿಗಳನ್ನು ಅಕ್ಕಪಕ್ಕ ಜೋಡಿಸಿ ಹೊಲಿದಿರುವುದು ಕಾಣುತ್ತದೆ. ನೂಲು ಒರಟು. ಬಾಣದ ಗುರುತಿನ ಜೊತೆಗೆ ‘ಐ’ ಅಕ್ಷರದ ಮುದ್ರೆಯಿದ್ದರೆ ಅದು ನಮ್ಮದೆಂದು ತಿಳಿಯಬೇಕು. ಸಂಗ್ರಾಹಕರು ಇದನ್ನು ಎರಡನೆಯ ದರ್ಜೆಯೆಂದು ಮೂಗು ಮುರಿಯುತ್ತಾರಂತೆ. ನನ್ನ ತರ್ಕ ಬೇರೆ. ಒಂದೇ ನೇಯ್ಗೆಯ ಪಟ್ಟಿ ಹರಿದರೆ ಅದನ್ನು ಮೊದಲಿನಂತೆ ಮಾಡುವ ಮಗ್ಗ ಈ ಸೀಮೆಯಲ್ಲಿಲ್ಲ. ಹೊಲಿದದ್ದು ಬಿಟ್ಟುಕೊಂಡರೆ ಕೊಳ್ಳೇಗಾಲದ ಬಸ್ ನಿಲ್ದಾಣದ ಬಳಿಯ ಚಮ್ಮಾರನು ಅರ್ಧ ಗಂಟೆಯಲ್ಲಿ ಸರಿಮಾಡಿಕೊಡುತ್ತಾನೆ. ರೇಷ್ಮೆ ಸೀರೆಯ ಅಂಚು ಸೆರಗುಗಳನ್ನು ನೋಡುತ್ತ ಬೆಳೆದ ಊರಿನವರಿಗೆ ಜೋಡಣೆಯೆಂದರೆ ದೋಷವಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೊಡ್ಡಪ್ಪನವರು ಮದ್ರಾಸ್ ಸ್ಯಾಪರ್ಸ್‌ನಲ್ಲಿ ಸೇರಿ ಬರ್ಮಾ ಕಂಡು ಬಂದವರು. ಅವರು ತಂದ ಚೀಲ ಅಂಥದೇ. ಯಳಂದೂರಿನ ನಮ್ಮ ಮನೆಯಲ್ಲಿ ಅದು ಮೂವತ್ತು ವರ್ಷ ದುಡಿಯಿತು: ಬಿಳಿಗಿರಿರಂಗನ ಬೆಟ್ಟದ ಜಾತ್ರೆಗೆ ಬುತ್ತಿ, ಸಂತೆಯಿಂದ ಬೆಲ್ಲ, ಆಮೇಲೆ ನನ್ನ ಪುಸ್ತಕಗಳು. ಹಿತ್ತಾಳೆಯ ಬಕಲನ್ನು ಹುಣಿಸೆಹಣ್ಣು ಹಚ್ಚಿ ತೊಳೆಯುತ್ತಿದ್ದರು. ಎನ್.ಸಿ.ಸಿ.ಗೆ ಸೇರಿದ ಮೇಲೆ ನಾನು ಅದಕ್ಕೆ ಬ್ರಾಸೋ ಹಚ್ಚಿದಾಗ ದೊಡ್ಡಮ್ಮನಿಗೆ ಅದರ ವಾಸನೆ ಹಿಡಿಸಲಿಲ್ಲ.

ಇಲ್ಲೊಂದು ಸಣ್ಣ ಲೆಕ್ಕ. (ಮೇಷ್ಟ್ರ ಚಪಲ, ಕ್ಷಮಿಸಿ.) ಸಣ್ಣ ಚೀಲದ ಘನ ಅಳತೆ 11×9×4, ಅಂದರೆ 396 ಘನ ಅಂಗುಲ, ಲೀಟರಿಗೆ ತಂದರೆ ಸುಮಾರು ಆರೂವರೆ. ದೊಡ್ಡ ಚೀಲದ್ದು 780 ಘನ ಅಂಗುಲ, ಹದಿಮೂರು ಲೀಟರಿಗೆ ಸ್ವಲ್ಪ ಕಡಿಮೆ. ಈಗಿನ ಎಂಟನೆಯ ತರಗತಿಯ ಬಾಲಕನ ಬೆನ್ನಿನ ನೈಲಾನ್ ಚೀಲ ಮೂವತ್ತು ಲೀಟರಿನದು! ಯುದ್ಧಕ್ಕೆ ಹೊರಟ ಸಿಪಾಯಿಯ ಬೆನ್ನಿನ ಮೇಲಿದ್ದುದರ ನಾಲ್ಕೂವರೆ ಪಟ್ಟು. ಸರಕಾರವು 2019ರಲ್ಲಿ ಆಜ್ಞೆ ಹೊರಡಿಸಿ, ಒಂದು ಮತ್ತು ಎರಡನೆಯ ತರಗತಿಗೆ ಒಂದೂವರೆಯಿಂದ ಎರಡು ಕಿಲೋ, ಒಂಬತ್ತು ಹತ್ತನೆಯ ತರಗತಿಗಳಿಗೆ ನಾಲ್ಕರಿಂದ ಐದು ಕಿಲೋ ಎಂದು ಮಿತಿ ಹಾಕಿತು. ಕೇಂದ್ರದ 2020ರ ನೀತಿಯು ಮಗುವಿನ ತೂಕದ ನೂರಕ್ಕೆ ಹತ್ತರಷ್ಟನ್ನು ಮೀರಬಾರದೆಂದಿತು. ತೂಕದ ಯಂತ್ರ ಹಿಡಿದು ಶಾಲೆಯ ಬಾಗಿಲಿನಲ್ಲಿ ನಿಲ್ಲುವವರು ಯಾರು? ಚೀಲ ದೊಡ್ಡದಿದ್ದರೆ ತುಂಬಿಯೇ ತುಂಬುತ್ತದೆ. ಚಿಕ್ಕದಿದ್ದರೆ ಮಗು ಹಿಂದಿನ ರಾತ್ರಿಯೇ ವೇಳಾಪಟ್ಟಿ ನೋಡಿ ಬೇಕಾದದ್ದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಸಣ್ಣ ಚೀಲವನ್ನು ನಾನು ಮೆಚ್ಚಲು ಮುಖ್ಯ ಕಾರಣ ಇದು.

ಹೀಗೆ ಹೊಗಳುತ್ತಲೇ ಇನ್ನೊಂದು ಮಾತನ್ನು ಹೇಳದಿದ್ದರೆ ಹನೂರಿನಲ್ಲಿ ನಾನು ಕಳೆದ ವರ್ಷಗಳಿಗೆ ಅಪಚಾರವಾದೀತು. ಆ ಹಸಿರು ಬಣ್ಣ ನಮ್ಮ ಬೆಟ್ಟದ ಸೀಮೆಯಲ್ಲಿ ಬರೀ ಬಣ್ಣವಾಗಿರಲಿಲ್ಲ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿಯ ಕೊಲೆ ನಡೆದದ್ದು 1991ರ ನವೆಂಬರಿನಲ್ಲಿ. ಮರುವರ್ಷ ಆಗಸ್ಟಿನಲ್ಲಿ ಮೀಣ್ಯಂ ಬಳಿ ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಬಲಿಯಾದರು. ಕಾಮಗೆರೆಯ ತಮ್ಮ ಮನೆಯಿಂದ ಅಪಹೃತರಾದ ಮಾಜಿ ಸಚಿವ ನಾಗಪ್ಪನವರು 2002ರ ಡಿಸೆಂಬರಿನಲ್ಲಿ ಹೆಣವಾಗಿ ಸಿಕ್ಕರು. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು. ಈ ನಡುವೆ ಕಾಡಿನಂಚಿನ ಜನ ಎರಡೂ ಕಡೆಯಿಂದ ನಲುಗಿದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ರಲ್ಲಿ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರವನ್ನು ಗೊತ್ತುಮಾಡಿತೆಂಬುದೇ ಅದಕ್ಕೆ ಸಾಕ್ಷಿ.

ಆ ವರ್ಷಗಳಲ್ಲಿ ಬೆಟ್ಟದ ಮಗ್ಗುಲಿನ ಹಳ್ಳಿಯೊಂದರಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗನಿಗೆ ಸೋದರಮಾವ ಹಸಿರು ಪಿಟ್ಠು ಕೊಟ್ಟಿದ್ದರು. ತರಗತಿಯಲ್ಲೆಲ್ಲ ಅದೇ ಚೆಂದದ ಚೀಲ. ಒಂದು ಸೋಮವಾರದಿಂದ ಅವನು ಗೊಬ್ಬರದ ಖಾಲಿ ಚೀಲದಲ್ಲಿ ಪುಸ್ತಕ ಸುತ್ತಿಕೊಂಡು ಬರತೊಡಗಿದನು. ಕೇಳಿದ್ದಕ್ಕೆ ಮೊದಲು ಉತ್ತರವಿಲ್ಲ. ಆಮೇಲೆ ತಿಳಿಯಿತು: ದಾರಿಯಲ್ಲಿ ಯಾರೋ ತಡೆದು, ಚೀಲವನ್ನು ನೆಲಕ್ಕೆ ಸುರಿಸಿ, ಇದು ಎಲ್ಲಿಂದ ಬಂತು, ಅಕ್ಕಿ ಯಾರಿಗೆ ಒಯ್ಯುತ್ತೀಯೆ ಎಂದು ಗದರಿಸಿದ್ದರು. ಅದರಲ್ಲಿದ್ದುದು ಭೂಗೋಳದ ಪುಸ್ತಕ ಮತ್ತು ರಾಗಿಮುದ್ದೆ. ತಾಯಿ ಆ ಚೀಲವನ್ನು ಅಟ್ಟದ ಮೇಲೆ ಎಸೆದಳು. ತಡೆದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಕಾಡಿನ ಹಸಿರನ್ನು ಹೊತ್ತ ಮಗುವನ್ನು ಸಂಶಯದಿಂದ ನೋಡುವಂಥ ಕಾಲವೊಂದು ಇಲ್ಲಿತ್ತು.

ಆದ್ದರಿಂದ ಇಂದು ಕೊಳ್ಳೇಗಾಲದ ಅಂಗಡಿಗಳಲ್ಲಿಯೂ ಮಹದೇಶ್ವರನ ಜಾತ್ರೆಯ ಸಾಲುಗಳಲ್ಲಿಯೂ ತೂಗುಹಾಕಿರುವ, ಎಲೆಬಳ್ಳಿಯಂತೆ ಹಸಿರು ಕಂದು ಮಚ್ಚೆಗಳ ಮುದ್ರಣವಿರುವ ‘ಮಿಲಿಟರಿ’ ಶಾಲಾಚೀಲಗಳನ್ನು ಕಂಡರೆ ನನಗೆ ಉತ್ಸಾಹವಾಗುವುದಿಲ್ಲ. ಹಳೆಯ ಚೀಲದ ಹಸಿರಿಗೆ ಒಂದು ಕೆಲಸವಿತ್ತು. ಇದು ಬರೀ ವೇಷ. ಸೇನೆಯವರೂ 2022ರ ಜನವರಿಯಲ್ಲಿ ತೋರಿಸಿದ ತಮ್ಮ ಹೊಸ ಸಮವಸ್ತ್ರದ ವಿನ್ಯಾಸವನ್ನು ಪೇಟೆಯವರು ನಕಲು ಮಾಡದಂತೆ ನೋಂದಣಿ ಮಾಡಿಸಿಕೊಂಡಿದ್ದಾರೆ. ದೇಶಭಕ್ತಿಯ ವಿಷಯದಲ್ಲಿ ನನ್ನೊಡನೆ ವಾದಕ್ಕೆ ನಿಲ್ಲುವ ನೆಂಟರಿದ್ದಾರೆ, ಬಲ್ಲೆ. ದೊಡ್ಡಪ್ಪನವರು ಸೈನ್ಯ ಬಿಟ್ಟ ಮೇಲೆ ತಮ್ಮ ಚೀಲವನ್ನು ಕಾಡುಗಾಯಿಯ ಕಷಾಯದಲ್ಲಿ ಅದ್ದಿ ಕಂದು ಬಣ್ಣಕ್ಕೆ ತಿರುಗಿಸಿದ್ದರು ಎಂಬುದಷ್ಟೇ ಅವರಿಗೆ ನನ್ನ ಉತ್ತರ.

ಕೊಳ್ಳಲೇಬೇಕೆನ್ನುವವರು ದೇಶೀ 1937ನ್ನೇ ಕೊಳ್ಳಲಿ. ಮುದ್ರೆಯಿರುವ ಒಳಮುಚ್ಚಳವನ್ನು ಸೋಪಿನಿಂದ ಉಜ್ಜಬಾರದು, ಇಸವಿ ಹೋಗಿಬಿಡುತ್ತದೆ. ಮೊಮ್ಮಕ್ಕಳಿಗಾಗಿ ಬೇಕೆನ್ನುವವರು ಹಳೆಯದನ್ನು ಹುಡುಕುವುದೇ ಬೇಡ. ಸಾದಾ ಕಂದು ಕ್ಯಾನ್‌ವಾಸ್ ಒಂದು ಮೀಟರು ಸಾಕು, ನಮ್ಮ ಬೀದಿಯ ದರ್ಜಿ ಎರಡು ದಿನದಲ್ಲಿ ಹೊಲಿದುಕೊಡುತ್ತಾನೆ. ಈಗಿನ ಪುಸ್ತಕಗಳು ಉದ್ದವಾದುದರಿಂದ ಎತ್ತರವನ್ನು 13 ಅಂಗುಲ ಮಾಡಿಸಿ, ದಪ್ಪ ಮಾತ್ರ 4 ಅಂಗುಲವನ್ನು ಮೀರದಿರಲಿ. ಒಳಗಿನ ತಡಿಕೆಯನ್ನು ಮರೆಯಬೇಡಿ, ಬುತ್ತಿಯ ಎಣ್ಣೆ ನೋಟುಪುಸ್ತಕಕ್ಕೆ ತಾಗಬಾರದು. ಹೆಗಲುಪಟ್ಟಿ ಎರಡು ಅಂಗುಲ ಅಗಲವಿರಲಿ, ಹಿತ್ತಾಳೆಯ ಬಕಲು ದೊಡ್ಡಂಗಡಿ ಬೀದಿಯಲ್ಲಿ ಸಿಗದಿದ್ದರೆ ಮೈಸೂರಿನಿಂದ ತರಿಸಬಹುದು.