ಬೇಲಿಯಾಚೆಯ ಮನೆಗೆ ಬರುವ ಸದ್ದು

ಕಳೆದ ತಿಂಗಳು ಒಬ್ಬ ಕಕ್ಷಿದಾರರು ತಮ್ಮ ಮೊಕದ್ದಮೆಯ ಮಾತು ಮುಗಿದ ಮೇಲೂ ನನ್ನ ಕಚೇರಿಯಿಂದ ಎದ್ದು ಹೋಗಲಿಲ್ಲ. ಕೈಚೀಲದಿಂದ ಒಂದು ನಕ್ಷೆಯನ್ನು ತೆಗೆದು ಮೇಜಿನ ಮೇಲೆ ಹರಡಿದರು. ಬಾಗಲೂರಿನ ಕಡೆಗಿರುವ ಪಿತ್ರಾರ್ಜಿತ ಜಮೀನಿನಲ್ಲಿ ಮನೆ ಕಟ್ಟುವ ಯೋಚನೆ ಅವರದು. ಇಬ್ಬರು ಮಕ್ಕಳೂ ಕನ್ನಡ ಶಾಲೆಯಲ್ಲಿ ಓದುತ್ತಿದ್ದಾರೆ. ಹಿರಿಯವಳು ಮುಂದಿನ ವರ್ಷ ಹತ್ತನೆಯ ತರಗತಿ. "ವಿಮಾನ ನಿಲ್ದಾಣ ಬರುತ್ತದಂತೆ. ಜಮೀನು ಹೋದರೆ ಪರಿಹಾರ ಸಿಗುತ್ತದೆ, ಅದು ಗೊತ್ತು. ಜಮೀನು ಉಳಿದು, ತಲೆಯ ಮೇಲೆ ವಿಮಾನ ಮಾತ್ರ ಹಾರಿದರೆ ನಮ್ಮ ಗತಿ ಏನು?" ಎಂದು ಕೇಳಿದರು. ಅಂದು ಅವರಿಗೆ ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅದನ್ನು ಈ ವಾರ ಪೂರ್ತಿ ಮಾಡುತ್ತಿದ್ದೇನೆ.

ಹೊಸೂರಿನಲ್ಲಿ 2,000 ಎಕರೆ ಪ್ರದೇಶದಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರನ್ನು ನಿಭಾಯಿಸಬಲ್ಲ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಸ್ಥಾಪಿಸುವುದಾಗಿ 2024ರ ಜೂನ್ 27ರಂದು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ವಿಧಾನಸಭೆಯಲ್ಲಿ ಪ್ರಕಟಿಸಿದರು. ಅಂದಿನಿಂದ ಬೇರಿಕೆ, ಬಾಗಲೂರು ಸೀಮೆಯ ಚಹದಂಗಡಿಗಳಲ್ಲಿ ಬೇರೆ ಮಾತಿಲ್ಲ. ಆದರೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಸಂಬಂಧಿಸಿದ ಒಪ್ಪಂದದ ಪ್ರಕಾರ 150 ಕಿ.ಮೀ. ಫಾಸಲೆಯೊಳಗೆ ಮತ್ತೊಂದು ಅಂತಹ ನಿಲ್ದಾಣ 2033ರವರೆಗೆ ಬರುವಂತಿಲ್ಲ. ಆ ಕಲಮು ಸಡಿಲಗೊಳ್ಳುವುದೋ ಇಲ್ಲವೋ, ಅದು ಸರ್ಕಾರಗಳ ವ್ಯವಹಾರ. ನಮ್ಮ ಮಟ್ಟಿಗೆ ಇದರ ಅರ್ಥ ಒಂದೇ: ಇನ್ನೂ ಸಮಯವಿದೆ. ವಿಮಾನದ ಸದ್ದಿನ ವಿಷಯದಲ್ಲಿ ಮೊದಲೇ ಮಾಡುವ ಕೆಲಸದ ಖರ್ಚು ಅಲ್ಪ. ಆಮೇಲೆ ಮಾಡುವುದಕ್ಕೆ ಖರ್ಚು ಬಹಳ, ಫಲ ಸ್ವಲ್ಪ.

ಈ ಸದ್ದಿನ ಪರಿಚಯ ನನಗೆ ಪುಸ್ತಕದಿಂದ ಆದದ್ದಲ್ಲ. ಬೆಂಗಳೂರಿನಲ್ಲಿ ಕಾನೂನು ಓದುತ್ತಿದ್ದ ದಿನಗಳಲ್ಲಿ ಮುರುಗೇಶಪಾಳ್ಯದ ಒಂದು ಕೋಣೆಯಲ್ಲಿ ವಾಸವಾಗಿದ್ದೆ. 2008ರ ಮೇ ತಿಂಗಳವರೆಗೆ ಬೆಂಗಳೂರಿನ ಪ್ರಯಾಣಿಕ ವಿಮಾನಗಳೆಲ್ಲ ಪಕ್ಕದ ಎಚ್.ಎ.ಎಲ್. ನಿಲ್ದಾಣದಿಂದಲೇ ಹಾರುತ್ತಿದ್ದವು. ಊರಿನಿಂದ ತಾಯಿ ಫೋನು ಮಾಡಿದರೆ ಮಾತಿನ ನಡುವೆ ಅರ್ಧ ನಿಮಿಷ ಸುಮ್ಮನಿರುವುದು ಇಬ್ಬರಿಗೂ ಅಭ್ಯಾಸವಾಗಿತ್ತು. ಪರೀಕ್ಷೆಯ ಕಾಲದಲ್ಲಿ ಕಿಟಕಿಗೆ ರಗ್ಗು ಕಟ್ಟಿದೆ. ಸದ್ದು ಕಿಂಚಿತ್ತೂ ಕಡಿಮೆಯಾಗಲಿಲ್ಲ, ಸೆಕೆ ಮಾತ್ರ ಹೆಚ್ಚಿತು. ಬಾಗಿಲ ಮೇಲಿದ್ದ ಜಾಲರಿಯ ವೆಂಟಿಲೇಟರ್ ಬಾಯಿ ತೆರೆದೇ ಇತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ.

ದೊಡ್ಡವರು ಹೇಗೋ ಒಗ್ಗಿಕೊಳ್ಳುತ್ತಾರೆ ಎನ್ನೋಣ. ಮಕ್ಕಳ ವಿಷಯ ಹಾಗಲ್ಲ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್, ಮ್ಯಾಡ್ರಿಡ್ಡಿನ ಬರಾಹಾಸ್, ಲಂಡನ್ನಿನ ಹೀಥ್ರೂ ನಿಲ್ದಾಣಗಳ ಸುತ್ತಲಿನ ಶಾಲೆಗಳಲ್ಲಿ 9-10 ವಯಸ್ಸಿನ 2,844 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಮಾನದ ಸದ್ದು ಹೆಚ್ಚಿದಂತೆ ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಕುಗ್ಗಿರುವುದು ಅಲ್ಲಿ ಕಂಡುಬಂತು. ರಸ್ತೆಯ ವಾಹನಗಳ ಸದ್ದಿಗೆ ಅಂತಹ ಸಂಬಂಧ ಕಾಣಲಿಲ್ಲ. ಅದಕ್ಕೂ ಮೊದಲು, 1992ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಹಳೆಯ ನಿಲ್ದಾಣ ಮುಚ್ಚಿ ಹೊಸದು ಬೇರೊಂದು ಕಡೆ ತೆರೆದಾಗ, ಎರಡೂ ಕಡೆಯ ಮಕ್ಕಳನ್ನು ಸಂಶೋಧಕರು ಹಿಂಬಾಲಿಸಿದರು. ಹಳೆಯ ನಿಲ್ದಾಣದ ಬಳಿಯ ಮಕ್ಕಳ ಓದು ಮತ್ತು ನೆನಪು ಚೇತರಿಸಿಕೊಂಡವು. ಹೊಸ ನಿಲ್ದಾಣದ ಬಳಿಯ ಮಕ್ಕಳಲ್ಲಿ ಅವೇ ಕುಸಿದವು. ಮನೆಯಲ್ಲೂ ಶಾಲೆಯಲ್ಲೂ ಒಂದು ಭಾಷೆ, ಊರಿನಲ್ಲಿ ಇನ್ನೊಂದು, ಕಾಲೇಜಿನಲ್ಲಿ ಮತ್ತೊಂದು ಎಂದು ಈಗಾಗಲೇ ಮೂರು ಹೊರೆ ಹೊತ್ತಿರುವ ನಮ್ಮ ಮಕ್ಕಳಿಗೆ ಇದು ನಾಲ್ಕನೆಯದಾಗಬಾರದು.

ಈಗ ಕಾನೂನಿಗೆ ಬರೋಣ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ವಿಮಾನ ನಿಲ್ದಾಣದ ಶಬ್ದವಲಯಕ್ಕೆ ಕೇಂದ್ರ ಪರಿಸರ ಸಚಿವಾಲಯ 2018ರ ಜೂನ್‌ನಲ್ಲಿ ಬೇರೆಯೇ ಮಿತಿಯನ್ನು ಗೊತ್ತುಪಡಿಸಿತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಬಾರಿ ವಿಮಾನಗಳು ಏರಿಳಿಯುವ ನಿಲ್ದಾಣವಾದರೆ ಹಗಲು 70, ರಾತ್ರಿ 65. ಉಳಿದವುಗಳಿಗೆ 65 ಮತ್ತು 60. ಅಂದರೆ ದಿನಕ್ಕೆ ಸುಮಾರು 137 ಬಾರಿ ವಿಮಾನ ಏರಿಳಿಯುವ ಊರಿನಲ್ಲಿ, ಬೇರೆಡೆಯ ಮನೆಗಿಂತ ರಾತ್ರಿ 20 ಡೆಸಿಬೆಲ್ ಹೆಚ್ಚಿನ ಸದ್ದನ್ನು ಕಾನೂನೇ ಒಪ್ಪಿಕೊಂಡಂತಾಯಿತು. ಇವು ಸರಾಸರಿಯ ಅಂಕಿಗಳು ಎಂಬುದನ್ನೂ ಮರೆಯಬಾರದು. ಇರುಳಿಡೀ ಸುಮ್ಮನಿದ್ದು ಹತ್ತು ಬಾರಿ ಗುಡುಗಿದರೆ ಸರಾಸರಿ ಸೌಮ್ಯವಾಗಿಯೇ ಕಾಣುತ್ತದೆ; ನಿದ್ರೆ ಮಾತ್ರ ಹತ್ತು ಬಾರಿ ಕೆಡುತ್ತದೆ.

ಹಾಗಿದ್ದರೆ ದಾವೆ ಹೂಡಬಹುದಲ್ಲ ಎಂದು ಕೇಳುವಿರಿ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಕಾಸ್ಬಿ ಎಂಬ ಕೋಳಿ ಸಾಕಣೆಗಾರರು ಹಾಗೆ ಹೂಡಿ ಗೆದ್ದರು. ಸೇನೆಯ ವಿಮಾನಗಳು ಮನೆಯ ಮೇಲೆ 67 ಅಡಿ ಎತ್ತರದಲ್ಲಿ ಹಾರುತ್ತಿದ್ದವು. ಬೆದರಿ ಗೋಡೆಗೆ ಬಡಿದುಕೊಂಡು ಸುಮಾರು 150 ಕೋಳಿಗಳು ಸತ್ತವು. ಇದು ಆಸ್ತಿಯನ್ನು ಕಿತ್ತುಕೊಂಡದ್ದಕ್ಕೆ ಸಮ, ಪರಿಹಾರ ಕೊಡತಕ್ಕದ್ದು ಎಂದು 1946ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತು. ನಮ್ಮ 1934ರ ವಿಮಾನ ಕಾಯಿದೆಯ 17ನೆಯ ಪ್ರಕರಣವಾದರೋ, ಸಮಂಜಸವಾದ ಎತ್ತರದಲ್ಲಿ ವಿಮಾನ ಹಾರಿದ್ದಷ್ಟನ್ನೇ ಕಾರಣವಾಗಿಟ್ಟುಕೊಂಡು ಅತಿಕ್ರಮಣದ ಇಲ್ಲವೆ ಉಪದ್ರವದ ದಾವೆ ಹೂಡಲಾಗದು ಎಂದು ಬಾಗಿಲು ಹಾಕಿತ್ತು. ಆ ಕಾಯಿದೆಯ ಸ್ಥಾನಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಬೇಲಿಯಾಚೆಯ ಮನೆಗೆ ಶಬ್ದತಡೆಯ ಹಣ ಕೊಡಬೇಕೆಂಬ ಮಾತು ಅದರಲ್ಲೂ ಇಲ್ಲ. ಕಾಸ್ಬಿಯವರ ತೀರ್ಪನ್ನು ಹಿಡಿದುಕೊಂಡು ನನ್ನ ಬಳಿಗೆ ಬರಬೇಡಿ ಎಂದು ಮುಂಚಿತವಾಗಿಯೇ ವಿನಂತಿ.

ಆದುದರಿಂದ ಮೊದಲ ರಕ್ಷಣೆ ಮನೆಯಲ್ಲೇ ಇದೆ. ಇಲ್ಲಿ ನಾನು ವಕೀಲನ ಗಡಿ ದಾಟುತ್ತಿದ್ದೇನೆ. ಆದರೂ ಕಟ್ಟಡದ ಎಂಜಿನಿಯರುಗಳಲ್ಲಿ ಯಾರಿಗೂ ತಕರಾರಿಲ್ಲದ ಸಂಗತಿಗಳನ್ನಷ್ಟೇ ಹೇಳುತ್ತೇನೆ. ಡೆಸಿಬೆಲ್ ರೂಪಾಯಿಯ ಹಾಗೆ ಕೂಡಿ ಕಳೆಯುವ ಲೆಕ್ಕವಲ್ಲ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧಕ್ಕಿಳಿದಂತೆ ತೋರುತ್ತದೆ. ಗಾರೆ ಮಾಡಿದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್ ತಡೆಯುತ್ತದೆ. ನಮ್ಮ ಕಡೆಯ ಕಲ್ಲುಗೋಡೆಯೂ ಅಷ್ಟೇ ಸಮರ್ಥ. ಅಷ್ಟಾಗಿಯೂ ಸದ್ದು ಒಳಗೆ ಬರುವುದೇಕೆ? ಗೋಡೆಯ ವಿಸ್ತೀರ್ಣದಲ್ಲಿ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಸಾಕು, ಉಳಿದ ತೊಂಬತ್ತೊಂಬತ್ತು ಪಾಲು ಎಷ್ಟೇ ದಪ್ಪವಿರಲಿ, ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ. ಕೋಟೆಯ ಗೋಡೆಗೆ ಬಾಗಿಲು ತೆರೆದಿಟ್ಟ ಹಾಗೆ. ನನ್ನ ಮುರುಗೇಶಪಾಳ್ಯದ ವೆಂಟಿಲೇಟರ್ ಮಾಡಿದ ಉಪಕಾರ ಅದೇ.

ಆದಕಾರಣ ಹಣವನ್ನು ಗೋಡೆಗೆ ಸುರಿಯದೆ ಸಂದುಗಳಿಗೆ ಹಾಕಿರಿ. ಕಿಟಕಿಯ ಚೌಕಟ್ಟು ಗೋಡೆಗೆ ಕೂಡುವ ಬಿರುಕು, ಬಾಗಿಲ ಕೆಳಗಿನ ಬೆಳಕಿಂಡಿ, ಮಾಡು ಗೋಡೆಯ ಮೇಲೆ ಕುಳಿತಲ್ಲಿ ಗುಬ್ಬಿ ನುಸುಳುವಷ್ಟು ತೆರಪು, ಇವನ್ನು ಮುಚ್ಚಿದ ಮೇಲೆಯೇ ಉಳಿದ ಮಾತು. ರಬ್ಬರ್ ಪಟ್ಟಿಯುಳ್ಳ ಕಿಟಕಿ ಮುಚ್ಚಿದಾಗ ಬಿಗಿಯಾಗಿ ಕೂರುತ್ತದೆ. ಜಾರುವ ಕಿಟಕಿ ಎಂದಿಗೂ ಅಷ್ಟು ಬಿಗಿಯಾಗದು. ಎರಡು ಗಾಜಿನ ಕಿಟಕಿ ಎಂದು ಅಂಗಡಿಯವರು ಮಾರುವುದರಲ್ಲಿ ಗಾಜುಗಳ ನಡುವೆ ಅರ್ಧ ಅಂಗುಲದಷ್ಟು ಅಂತರ ಮಾತ್ರ ಇರುತ್ತದೆ. ಅದು ಬಿಸಿಲಿನ ಝಳವನ್ನು ತಡೆಯಲು ಮಾಡಿದ್ದು, ವಿಮಾನದ ಗುಡುಗಿನಂತಹ ತಗ್ಗುಧ್ವನಿಗೆ ಅಷ್ಟಾಗಿ ಅಡ್ಡಿಯಾಗದು. ಇದ್ದ ಕಿಟಕಿಯ ಒಳಗಡೆ ನಾಲ್ಕು ಅಂಗುಲವಾದರೂ ಬಿಟ್ಟು, ದಪ್ಪದಲ್ಲಿ ಬೇರೆಯಾದ ಗಾಜಿನ ಇನ್ನೊಂದು ಕಿಟಕಿ ಇಟ್ಟರೆ ಲಾಭ ಹೆಚ್ಚು. ನಮ್ಮ ದಪ್ಪ ಗೋಡೆಗಳಲ್ಲಿ ಅದಕ್ಕೆ ಜಾಗವೂ ಇದೆ.

ಮಾಡಿನ ಮಾತು ಬೇರೆ. ಸದ್ದು ಮೇಲಿನಿಂದ ಬರುವುದರಿಂದ ಕಾಂಪೌಂಡು ಗೋಡೆಯಿಂದಾಗಲಿ, ಸಾಲುಮರದಿಂದಾಗಲಿ ಹೆಚ್ಚಿನ ಪ್ರಯೋಜನವಿಲ್ಲ. ಆರ್.ಸಿ.ಸಿ. ತಾರಸಿ ತನ್ನ ಭಾರದಿಂದಲೇ ತಡೆಯುತ್ತದೆ. ಹೆಂಚಿನ ಮಾಡಿಗೆ ಹೆಂಚು ಹೆಂಚಿನ ನಡುವೆ ಸಂದು; ಶೀಟಿನ ಮಾಡಿಗೆ ಭಾರವೇ ಇಲ್ಲ. ಇವೆರಡರ ಕೆಳಗೆ ಜಿಪ್ಸಂ ಹಲಗೆಯ ಒಳಮಾಡನ್ನು ಕಟ್ಟಿ, ನಡುವೆ ಖನಿಜದ ಉಣ್ಣೆ ಅಂದರೆ ರಾಕ್‌ವುಲ್ ಹಾಸುವುದು ರೂಢಿಯ ಉಪಾಯ. ಮೊಟ್ಟೆಯ ಟ್ರೇ, ಥರ್ಮೋಕೋಲ್, ಸ್ಪಂಜು ಅಂಟಿಸಿದವರನ್ನು ಕಂಡಿದ್ದೇನೆ. ಸ್ಪಂಜು ಕೋಣೆಯೊಳಗಿನ ಮಾರ್ದನಿಯನ್ನು ಹೀರಬಹುದು, ಹೊರಗಿನ ಸದ್ದನ್ನು ತಡೆಯದು. ಮಿಕ್ಕವೆರಡರಿಂದ ಅಷ್ಟೂ ಇಲ್ಲ. ಎಲ್ಲವನ್ನೂ ಮುಚ್ಚಿದ ಮೇಲೆ ಗಾಳಿಗೇನು ಮಾಡುವುದು ಎಂಬ ಪ್ರಶ್ನೆಯೂ ಏಳುತ್ತದೆ. ಒಳಗೆ ರಾಕ್‌ವುಲ್ ಹಾಸಿದ, ಎರಡು ತಿರುವುಗಳುಳ್ಳ ಪೆಟ್ಟಿಗೆಯ ಮೂಲಕ ಗಾಳಿಯನ್ನು ತರಬಹುದು. ಗಾಳಿ ತಿರುಗಿ ಬರುತ್ತದೆ, ಸದ್ದು ಬಹುಮಟ್ಟಿಗೆ ದಾರಿಯಲ್ಲೇ ಉಳಿಯುತ್ತದೆ. ಇಡೀ ಮನೆಗೆ ಇಷ್ಟೆಲ್ಲ ಮಾಡುವ ಶಕ್ತಿಯಿಲ್ಲದವರು ಮಕ್ಕಳು ಓದುವ ಮತ್ತು ಮಲಗುವ ಒಂದು ಕೋಣೆಗಾದರೂ ಮಾಡಲಿ. ಅಂಗಳದ ಸದ್ದು ಮಾತ್ರ ಅಂಗಳದಲ್ಲೇ ಇರುತ್ತದೆ, ಅದಕ್ಕೆ ಮದ್ದಿಲ್ಲ.

ಈ ಖರ್ಚನ್ನು ಮನೆಯವನೇ ಏಕೆ ಹೊರಬೇಕು? ಆಸ್ಟ್ರೇಲಿಯದ ಸಿಡ್ನಿಯಲ್ಲಿ 1994ರಲ್ಲಿ ಮೂರನೆಯ ರನ್‌ವೇ ತೆರೆದಾಗ ಜನ ಬೀದಿಗಿಳಿದರು. ಮರುವರ್ಷವೇ ವಿಮಾನಶಬ್ದದ ಮೇಲೆ ಸುಂಕ ಹಾಕುವ ಕಾಯಿದೆ ಬಂತು. ಇಳಿಯುವ ವಿಮಾನಗಳಿಂದ ವಸೂಲಾದ ಆ ಹಣದಿಂದ, ಸದ್ದು ಅತಿಯಾದ ವಲಯದ ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಶಬ್ದತಡೆ ಮಾಡಿಕೊಟ್ಟರು. ಶಾಲೆ, ಆಸ್ಪತ್ರೆಗಳಿಗೆ ಮನೆಗಳಿಗಿಂತ ಕಡಿಮೆ ಸದ್ದಿನ ವಲಯದಲ್ಲೂ ಆ ಸೌಲಭ್ಯ ದೊರೆಯಿತು. ರಾತ್ರಿ 11ರಿಂದ ಬೆಳಗಿನ 6ರವರೆಗೆ ವಿಮಾನಗಳಿಗೆ ನಿರ್ಬಂಧವನ್ನೂ ಕಾಯಿದೆಯಿಂದಲೇ ತಂದರು. ನಮ್ಮಲ್ಲಿ ಇಂತಹ ಸುಂಕವಿಲ್ಲ. ಆದರೆ ನಿಲ್ದಾಣಕ್ಕೆ ಪರಿಸರ ಅನುಮತಿ ಕೊಡುವಾಗ ಷರತ್ತು ವಿಧಿಸಲು ಯಾವ ಅಡ್ಡಿಯೂ ಇಲ್ಲ, ಮತ್ತು ಷರತ್ತನ್ನು ಕೇಳುವ ಜಾಗ ಸಾರ್ವಜನಿಕ ಅಹವಾಲು ಸಭೆ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ವಿಮಾನ ನಿಲ್ದಾಣದಂತಹ ಯೋಜನೆಗೆ ಸ್ಥಳದಲ್ಲೇ, ಇಲ್ಲವೆ ಹತ್ತಿರದಲ್ಲಿ, ಕನಿಷ್ಠ 30 ದಿನಗಳ ನೋಟೀಸು ಕೊಟ್ಟು ಅಹವಾಲು ಸಭೆ ನಡೆಸತಕ್ಕದ್ದು. ಕರಡು ವರದಿಯ ಸಾರಾಂಶವನ್ನು ರಾಜ್ಯದ ಅಧಿಕೃತ ಅಥವಾ ಸ್ಥಳೀಯ ಭಾಷೆಯಲ್ಲಿ ಕೊಡತಕ್ಕದ್ದು. ಈ ಸಭೆಗೆ ಕೋರಂ ಇಲ್ಲ; ಹತ್ತು ಜನ ಬಂದರೂ ಸಭೆ ಸಭೆಯೇ. ಇಲ್ಲಿಯೇ ನಮ್ಮವರು ಎಡವುವುದು. ಸಾರಾಂಶ ತಮಿಳಿನಲ್ಲಿ ಬರುತ್ತದೆ. ತಮಿಳು ಮಾತು ನಮ್ಮ ಹಿರಿಯರಿಗೆ ಬರುತ್ತದೆ, ತಮಿಳಿನ ಆಡಳಿತದ ಬರಹ ಬರುವುದಿಲ್ಲ. ಅರ್ಥವಾಗದ್ದಕ್ಕೆ ಆಕ್ಷೇಪಿಸುವುದು ಹೇಗೆಂದು ಮನೆಯಲ್ಲೇ ಉಳಿಯುತ್ತಾರೆ.

ಹಾಗೆ ಉಳಿಯಬೇಕಾಗಿಲ್ಲ. ಸಂವಿಧಾನದ 350ನೆಯ ಅನುಚ್ಛೇದ ಯಾವ ಅಧಿಕಾರಿಗೇ ಆಗಲಿ, ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಕನ್ನಡದಲ್ಲಿ ಬರೆದ ಮನವಿಯನ್ನು ಭಾಷೆಯ ಕಾರಣಕ್ಕೆ ಹಿಂದಿರುಗಿಸುವಂತಿಲ್ಲ. ಭಾಷಾ ಅಲ್ಪಸಂಖ್ಯಾತರು ಶೇಕಡಾ 15 ಅಥವಾ ಅದಕ್ಕಿಂತ ಹೆಚ್ಚಿರುವ ತಾಲ್ಲೂಕುಗಳಲ್ಲಿ ಮುಖ್ಯವಾದ ನೋಟೀಸುಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕೆಂಬುದು 1956ರ ರಕ್ಷಣಾ ಕ್ರಮಗಳ ಕಾಲದಿಂದ ಬಂದ ಮಾತು. ಅದಕ್ಕೆ ಕಾಯಿದೆಯ ಬಲವಿಲ್ಲ ನಿಜ, ಕೇಳುವ ನೆಲೆಯಂತೂ ಇದೆ. 2020ರಲ್ಲಿ ಪರಿಸರ ಅಧಿಸೂಚನೆಯ ಕರಡನ್ನು ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟು ಆದೇಶಿಸಿದ್ದನ್ನೂ ಮನವಿಯಲ್ಲಿ ಉಲ್ಲೇಖಿಸಬಹುದು. ಸದ್ದಿನ ಮಟ್ಟವನ್ನು ಗೆರೆಗಳಿಂದ ತೋರಿಸುವ ನಕ್ಷೆಯನ್ನು ಊರೂರಿಗೆ ಕೊಡಿರಿ, ಆ ಗೆರೆಯೊಳಗಿನ ಮನೆ ಮತ್ತು ಶಾಲೆಗಳಿಗೆ ನಿಲ್ದಾಣ ತೆರೆಯುವ ಮೊದಲೇ ನಿಲ್ದಾಣದ ಖರ್ಚಿನಲ್ಲಿ ಶಬ್ದತಡೆ ಮಾಡಿಸಿರಿ, ರಾತ್ರಿಯ ಹಾರಾಟಕ್ಕೆ ಮಿತಿ ಹಾಕಿರಿ ಎಂದು ಕೇಳುವುದಕ್ಕೆ ಎರಡು ಪುಟ ಸಾಕು. ಸಹಿ ಹಾಕಿ ಸ್ವೀಕೃತಿ ಪಡೆಯಿರಿ. ಸ್ವೀಕೃತಿಯಿಲ್ಲದ ಕಾಗದಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ.

ಮೊನ್ನೆ ಆ ಕಕ್ಷಿದಾರರು ಮತ್ತೆ ಬಂದಿದ್ದರು. ನಕ್ಷೆಯಲ್ಲಿ ಮಕ್ಕಳ ಕೋಣೆಯ ವೆಂಟಿಲೇಟರ್ ಹೊಡೆದುಹಾಕಿ ಅದರ ಜಾಗದಲ್ಲಿ ತಿರುವಿನ ಪೆಟ್ಟಿಗೆಯನ್ನು ಪೆನ್ಸಿಲ್ಲಿನಿಂದ ಬರೆದಿದ್ದರು. ಮೇಸ್ತ್ರಿಗೆ ಅದು ಅರ್ಥವಾಗಿಲ್ಲವಂತೆ. ಮನವಿಯ ಕರಡನ್ನು ಹಿರಿಯ ಮಗಳೇ ಕನ್ನಡದಲ್ಲಿ ಬರೆದುಕೊಟ್ಟಿದ್ದಾಳೆ. ಎರಡು ಕಡೆ ಕಾಗುಣಿತ ತಿದ್ದಿ, ಪ್ರತಿಗಳನ್ನು ಮಾಡಿಸಲು ಕಳುಹಿಸಿದ್ದೇನೆ.